ಒಂದು ಗೇಣು ಕೆಳಗಿನ ರಿಂಗು

ಒಂದು ಊರಿತ್ತಂತೆ. ಆ ಊರಿನ ಆಕಾಶ ಬೇರೆ ಊರುಗಳ ಆಕಾಶಕ್ಕಿಂತ ಒಂದು ಗೇಣು ಕೆಳಗಿತ್ತಂತೆ. ಅಲ್ಲಿನ ಮಕ್ಕಳು ಅಂಗಳದಲ್ಲಿ ನಿಂತು ಕೈ ಚಾಚಿದರೆ ಚುಕ್ಕಿಗಳು ಸಿಗುತ್ತಿದ್ದವಂತೆ. ಒಂದು ದಿನ ಆ ಊರಿನ ಹುಡುಗನೊಬ್ಬ ಪರವೂರಿಗೆ ಹೋಗಿ ಎಲ್ಲರೆದುರು ಕೈ ಚಾಚಿದ. ಚುಕ್ಕಿ ಸಿಗಲಿಲ್ಲ. ಇಲ್ಲಿ ಆಕಾಶವೇ ಮೇಲಿದೆ ಮಗನೇ ಅಂತ ಅವನಿಗೆ ಯಾರೂ ಹೇಳಲಿಲ್ಲ. ತನ್ನ ಕೈಯೇ ಗಿಡ್ಡ ಅಂದುಕೊಂಡು ಅವನು ತಿರುಗಿ ಬಂದು, ಆ ಕೈಯನ್ನು ಮತ್ತೆ ಎತ್ತಲೇ ಇಲ್ಲವಂತೆ.

ಈ ಕತೆಯನ್ನು ಧರ್ಮಣ್ಣ ಮಾಸ್ತರು ಮಗಳು ಶಾರದಾಬಾಯಿಗೆ ಅವಳು ತೊಡೆಯ ಮೇಲೆ ಮಲಗುತ್ತಿದ್ದ ಕಾಲದಿಂದ ಹೇಳುತ್ತ ಬಂದಿದ್ದರು. ಮಗಳಿಗೆ ಅದು ಕತೆ. ಕತೆ ಮುಗಿಯುವಾಗ ಗಂಡನ ದನಿ ಯಾಕೆ ಕುಗ್ಗುತ್ತದೆ ಅನ್ನುವುದು ರೇವಮ್ಮನಿಗೆ ಮಾತ್ರ ಗೊತ್ತಿತ್ತು.

"ದೇವಿಂದ್ರ ಬಂದನೇನು?"

ಬೆಳಗಿನಿಂದ ರೇವಮ್ಮ ಇದನ್ನು ಕೇಳಿದ್ದು ಮೂರನೆಯ ಸಲ. ಗಂಡನ ಹಣೆಗೆ ವಿಭೂತಿ ಎಳೆದು, ತೋಳಿಗೆ ಎಳೆಯುತ್ತಿದ್ದವಳು ಮೂರು ಬೆರಳನ್ನು ಗಾಳಿಯಲ್ಲೇ ಹಿಡಿದು ಬಾಗಿಲ ಕಡೆ ನೋಡಿದಳು.

ಮಾಸ್ತರನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿದ್ದರು. ಅವರ ಮಂದಿಯಲ್ಲಿ ಹೋದವರನ್ನು ಮಲಗಿಸಿ ಒಯ್ಯುವುದಿಲ್ಲ. ಕೂತಂತೆಯೇ ಪೂಜೆ, ಕೂತಂತೆಯೇ ಮೆರವಣಿಗೆ, ಕೂತಂತೆಯೇ ಮಣ್ಣು. ತಲೆಗೆ ಬಿಳಿ ರುಮಾಲು ಸುತ್ತಿದ್ದರು. ಕೊರಳಲ್ಲಿ ಲಿಂಗ, ಚೆಂಡುಹೂವಿನ ಎರಡು ಮಾಲೆ. ಅಫಜಲಪುರದ ಕಾಲೇಜಿನಲ್ಲಿ ಹದಿನಾರು ವರ್ಷ ಬಾಸ್ಕೆಟ್‌ಬಾಲಿನ ಸಹಾಯಕ ಕೋಚ್ ಆಗಿದ್ದ ಮನುಷ್ಯ ಈಗ ಯಾರೋ ಕರೆದರೆ ಏಳುವವರಂತೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಮಾಸ್ತರು ಹಿಂಗ ಒಂದೇ ಕಡಿ ಕೂತದ್ದು ನಾ ನೋಡೇ ಇಲ್ಲ ನೋಡು," ಅಂಗಳದಲ್ಲಿ ಜಹೀರುದ್ದೀನ ಅನ್ನುತ್ತಿದ್ದ. ಬಸ್ ಸ್ಟ್ಯಾಂಡಿನ ಎದುರು ಅವನದು ವೆಲ್ಡಿಂಗ್ ಅಂಗಡಿ. ಹಿಂದೊಮ್ಮೆ ಕಾಲೇಜು ಟೀಮಿನಲ್ಲಿದ್ದವನು. "ಮ್ಯಾಚ್ ನಡದ್ರ ಗೆರಿ ಗುಂಟ ಓಡಿ ಓಡಿ ನಮಗಿಂತ ಜಾಸ್ತಿ ಬೆವರತಿದ್ರು."

"ನಿನಗಿಂತ ಅನ್ನು," ಎಂದಳು ಕಸ್ತೂರಿಬಾಯಿ. ಆಮೇಲಿನ ವರ್ಷಗಳ ಹುಡುಗಿಯರ ಟೀಮಿನವಳು, ಈಗ ಜೇವರ್ಗಿಯ ಹೈಸ್ಕೂಲಿನಲ್ಲಿ ಆಟದ ಟೀಚರು. "ನಾ ಸಣ್ಣಾಕಿ ಇದ್ದಾಗ ಗೋಡಿ ಮ್ಯಾಲ ಕೂತು ನೋಡೀನಿ. ನೀ ನಿಂತಲ್ಲೇ ನಿಂತು 'ಪಾಸ್ ಕೊಡು, ಪಾಸ್ ಕೊಡು' ಅಂತ ಒದರತಿದ್ದಿ."

"ಅರೆ, ಅದಕ್ಕೂ ದಮ್ ಬೇಕಲ್ಲ!"

ನಕ್ಕರು. ಪಡಸಾಲೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡರು. ಕಸ್ತೂರಿಬಾಯಿ ಒಳಗೆ ಬಂದು ರೇವಮ್ಮನ ಬಳಿ ಕೂತಳು.

"ದೇವಿಂದ್ರಣ್ಣನ ಬಸ್ಸು ಹನ್ನೊಂದಕ್ಕ ಬರ್ತದ್ರಿ ಅಮ್ಮಾ. ಸುದ್ದಿ ಡಿಪೋಕ್ಕ ಮುಟ್ಟೇದ. ಬರ್ತಾನ."

ಮಾಸ್ತರ ಅಣ್ಣ ಶಾಂತಲಿಂಗಪ್ಪ ಗೊಬ್ಬೂರಿನಿಂದ ಟ್ರ್ಯಾಕ್ಟರು ತಂದು ನಿಲ್ಲಿಸಿದ್ದ. ಹೊಲದಲ್ಲಿ ಗುಣಿ ತೋಡಿಸಿ ಬಂದ ಮಣ್ಣು ಇನ್ನೂ ಅವನ ಕಾಲಿಗಿತ್ತು. "ಆಳಂದದಿಂದ ಶಾರದಾ ಬಂದ ಕೂಡ್ಲೆ ಎತ್ತೂದವ್ವ," ಎಂದ ಬಾಗಿಲಲ್ಲಿ ನಿಂತು. "ಗೊಬ್ಬೂರು ಮುಟ್ಟಾಕ ಒಂದೂವರಿ ತಾಸು ಬೇಕು. ಹೊತ್ತು ಮುಳುಗೂದ್ರಾಗ ಮಣ್ಣಾಗಬೇಕು."

"ಆಗ್ಲಿ ಭಾವ. ಖರೆ ಮಣ್ಣಿಗಿಂತ ಮೊದಲ ಒಂದು ಕೆಲಸ ಅದ. ಅದಾಗದ ಇವರನ್ನ ಊರು ದಾಟಿಸಬ್ಯಾಡ್ರಿ."

"ಏನು ಕೆಲಸ?"

"ಮಾತು ಕೊಟ್ಟೇನಿ," ಎಂದು ರೇವಮ್ಮ ತೋಳಿಗೆ ವಿಭೂತಿ ಎಳೆದಳು.

*

ಮಾತು ಕೊಟ್ಟು ಎಂಟು ದಿನವಾಗಿತ್ತು. ಮಾಸ್ತರು ನೌಕರಿ ಬಿಟ್ಟ ತೊಂಬತ್ಮೂರರಲ್ಲೇ ಲಕ್ವಾ ಹೊಡೆದು ಬಲಗಡೆ ಬಿದ್ದುಹೋಗಿತ್ತು; ಮಾತೂ ಅರ್ಧ ಹೋಗಿತ್ತು. ಮಾತು ಕೊಟ್ಟ ಆ ಮಧ್ಯಾಹ್ನ ರೇವಮ್ಮ ಬಿಸಿಲಿಗೆ ಮಂಚ ಎಳೆದು, ಜೋಳದ ರೊಟ್ಟಿಯನ್ನು ಹಾಲಲ್ಲಿ ಕಿವುಚಿ ಉಣಿಸುತ್ತಿದ್ದಳು. ಅವರು ಬಾಯಿ ಮುಚ್ಚಿಕೊಂಡು ಎಡಗೈ ಎತ್ತಿದರು. ಹೆಬ್ಬೆರಳು, ಕಿರುಬೆರಳು ಅಗಲ ಮಾಡಿ ಒಂದು ಗೇಣು ತೋರಿಸಿದರು. ಆಮೇಲೆ ಆ ಗೇಣನ್ನು ಹಾಗೇ ಮೇಲೆ ಮೇಲೆ ಒಯ್ದರು.

"ದೇ...ವಿಂದ್ರ," ಎಂದರು.

"ಅವಗ ಹೇಳಬೇಕೇನು?"

ತಲೆಯಾಡಿಸಿದರು. ಮತ್ತೆ ಗೇಣು ಮಾಡಿ ಮೇಲೆ ಒಯ್ದರು. ಕಣ್ಣಲ್ಲಿ ನೀರಿತ್ತು.

"ತಿಳೀತು. ಬಾಯಿಲೆ ಹೇಳಿದ್ರ ನಂಬಂಗಿಲ್ಲ ಅವ. ರಿಂಗು ಅಳೆದು ತೋರಿಸಬೇಕು. ತೋರಿಸಿ ಮ್ಯಾಲ ಏರಸಬೇಕು. ಮಾಡಸ್ತೇನಿ. ನಿಮ್ಮನ್ನ ಮಣ್ಣಿಗೆ ಕಳಸೂಕಿಂತ ಮೊದಲ ಮಾಡಸ್ತೇನಿ. ಈಗ ಉಣ್ರಿ."

ಅವತ್ತು ಅವರು ರೊಟ್ಟಿ ಪೂರ್ತಿ ಉಂಡರು.

*

ಹನ್ನೊಂದೂಕಾಲಿಗೆ ಮಾಸ್ತರ ಹಳೆಯ ಶಿಷ್ಯ ದೇವಿಂದ್ರಪ್ಪ ಬಂದ. ಡ್ರೈವರಿನ ಖಾಕಿ ಅಂಗಿ ಮೈಮೇಲೇ ಇತ್ತು. ಮಾಸ್ತರ ಎದುರು ಕುಕ್ಕರಗಾಲಲ್ಲಿ ಕೂತು ಅವರ ಪಾದಕ್ಕೆ ಹಣೆ ಹಚ್ಚಿದವನು ಬಹಳ ಹೊತ್ತು ಏಳಲಿಲ್ಲ.

"ಹೋದ ತಿಂಗಳ ಬರ್ತೇನಿ ಅಂತ ಹೇಳಿ ಕಳಿಸಿದ್ದೆ ಯವ್ವಾ. ಡ್ಯೂಟಿ, ಡ್ಯೂಟಿ ಅಂತ... ಬರಲಿಲ್ಲ."

"ಬಂದೀಯಲ್ಲ. ಕೂಡಪ್ಪ. ನಿನಗ ಒಂದು ಮಾತು ಹೇಳೂದದ. ಅವರ ಎದುರಿಗೇ ಹೇಳ್ತೇನಿ." ರೇವಮ್ಮ ಉಸಿರು ತೆಗೆದುಕೊಂಡಳು. "ಗುಲಬರ್ಗಾದಾಗ ನಿನ್ನ ಕೈ ನಡುಗಿದ್ದಿಲ್ಲ."

ದೇವಿಂದ್ರಪ್ಪನ ಮುಖ ಒಮ್ಮೆಲೇ ಸಣ್ಣದಾಯಿತು. ಹದಿನೇಳು ವರ್ಷದ ಹಿಂದಿನ ಮ್ಯಾಚಿನ ಮಾತು. "ಅದು ಯಾಕ್ರಿ ಈಗ?"

"ನಮ್ಮ ಕಾಲೇಜಿನ ರಿಂಗು ಒಂದು ಗೇಣು ಕೆಳಗದ. ನೀ ಕಲತದ್ದು ಗಿಡ್ಡ ರಿಂಗಿನ್ಯಾಗ. ಅಲ್ಲಿ ರಿಂಗು ಬರೋಬರಿ ಇತ್ತು, ನಿನ್ನ ಚೆಂಡು ಗೇಣು ಕೆಳಗ ಹೋತು. ಅಷ್ಟೇ. ನಿಮ್ಮ ಮಾಸ್ತರಿಗೆ ಇದು ಮರದಿನಾನೇ ಗೊತ್ತಾತು."

ಅವನು ನಕ್ಕ. ದುಃಖದ ಮನೆಯಲ್ಲಿ ಹಿರಿಯರು ಏನಾದರೂ ಅಂದರೆ ನಗುವ ನಗು. "ನೀವು ನನ್ನ ಸಮಾಧಾನ ಮಾಡಾಕತ್ತೀರೇನು ಯವ್ವಾ? ನಾ ನಿಮ್ಮನ್ನ ಮಾಡಬೇಕು. ನನ್ನ ಕೈ ನನಗ ಗೊತ್ತಿಲ್ಲೇನು? ಅವತ್ತು ನಡುಗ್ತು. ಆಮ್ಯಾಲ ನಾಲ್ಕು ಮಂದಿ ನೋಡಾಕತ್ತಾರ ಅಂದ್ರ ಸಾಕು, ನಡಗ್ತಾನೇ ಬಂದದ. ಲೈಸೆನ್ಸಿನ ಟೆಸ್ಟಿನ್ಯಾಗ ಎರಡು ಸಲ ಫೇಲ್ ಆದೆ. ಮಗನ ಶಾಲ್ಯಾಗ ಬಹುಮಾನ ಕೊಡಾಕ ಸ್ಟೇಜಿಗೆ ಕರದ್ರ ಸಂಡಾಸಕ್ಕ ಹೋಗಿ ಕೂತೆ."

"ಅದಕ್ಕೇ ಹೇಳಾಕತ್ತೇನಿ."

ದೇವಿಂದ್ರಪ್ಪ ಎದ್ದು ಅಂಗಳಕ್ಕೆ ಹೋದ. ಅಲ್ಲಿ ಕುರ್ಚಿಯ ಮೇಲೆ ದೌಲತರಾಯರು ಕೂತಿದ್ದರು. ಕಾಲೇಜಿನ ಆಟದ ವಿಭಾಗಕ್ಕೆಲ್ಲ ದೊಡ್ಡವರಾಗಿದ್ದ ಅವರನ್ನು ಊರೆಲ್ಲ ಪಿ.ಡಿ. ಸಾಹೇಬ್ರು ಅನ್ನುತ್ತಿತ್ತು, ಹೋದ ವರ್ಷ ನಿವೃತ್ತರಾದ ಮೇಲೂ ಹಾಗೇ. ಇಸ್ತ್ರಿ ಮಾಡಿದ ಬಿಳಿ ಧೋತರ, ಕೈಯಲ್ಲಿ ಬೆಳ್ಳಿ ಕಟ್ಟಿನ ಕೋಲು.

"ಸಾಹೇಬ್ರ, ಯವ್ವ ರಿಂಗಿಂದ ಏನೋ ಅನ್ನಾಕತ್ತಾಳ. ಖರೇ ಏನ್ರಿ?"

ದೌಲತರಾಯರು ಕನ್ನಡಕ ತೆಗೆದು ಧೋತರದ ಚುಂಗಿಗೆ ಒರೆಸತೊಡಗಿದರು. "ಇವತ್ತು ಆ ಮಾತು ಯಾಕಪ್ಪ? ಮಣ್ಣ ಆಗ್ಲಿ."

ದೇವಿಂದ್ರಪ್ಪ ನಿಂತೇ ಇದ್ದ. "ಸುಳ್ಳು ಅನ್ನಲಿಲ್ಲ ನೀವು."

ಅವರು ಒರೆಸುತ್ತಲೇ ಇದ್ದರು.

"ಅರೆ, ಅದಕ್ಕೇನು ಸೋಚ್ ಮಾಡ್ತಿ?" ಜಹೀರುದ್ದೀನ ಎದ್ದ. "ನನ್ನ ಅಂಗಡ್ಯಾಗ ಟೇಪ್ ಅದ, ನಿಚ್ಚಣಿಕಿ ಅದ. ಗ್ರೌಂಡ್ ಎಲ್ಲಿ ಓಡಿ ಹೋಗ್ಯದ? ನಡಿ, ಅಳದು ಬರೂಣು."

*

ಕಾಲೇಜಿನ ಮೈದಾನ ಗುಲಬರ್ಗಾ ರಸ್ತೆಯ ಮೇಲೆ, ಊರು ಮುಗಿಯುವಲ್ಲಿ. ಎಪ್ಪತ್ತೇಳರಲ್ಲಿ ಅಲ್ಲಿ ಬರೀ ಎರೆ ಹೊಲವಿತ್ತು. ಮಳೆಯಲ್ಲಿ ಚಪ್ಪಲಿ ಕಚ್ಚಿ ಹಿಡಿಯುವ, ಬೇಸಿಗೆಯಲ್ಲಿ ಬಾಯಿ ಬಿಡುವ ಕರಿ ಮಣ್ಣು. ಧರ್ಮಣ್ಣ ಶಹಾಬಾದಿನಲ್ಲಿ ಕಾರ್ಖಾನೆಯ ಹುಡುಗರೊಂದಿಗೆ ಆಡಿ ಬಾಸ್ಕೆಟ್‌ಬಾಲ್ ಕಲಿತು ಬಂದಿದ್ದ. ದೌಲತರಾಯರದು ಕಬಡ್ಡಿ, ಈ ಆಟ ಅವರಿಗೆ ಪುಸ್ತಕದಲ್ಲಿ ಮಾತ್ರ ಗೊತ್ತು. ಆದ್ದರಿಂದ ಕಾಗದದಲ್ಲಿ ಕೋಚ್ ಅವರು, ಬಿಸಿಲಲ್ಲಿ ಧರ್ಮಣ್ಣ. ಟೀಮಿನ ಫೋಟೋಗಳಲ್ಲಿ ನಡುವೆ ಅವರು ಇರುತ್ತಿದ್ದರು. ಧರ್ಮಣ್ಣ ಅಂಚಿನಲ್ಲಿ, ಒಂದರಲ್ಲಂತೂ ಅರ್ಧ ತೋಳು ಮಾತ್ರ.

ಕಂಬ ನೆಟ್ಟ ದಿನ ಧರ್ಮಣ್ಣನೇ ನೆಲದಿಂದ ಹತ್ತು ಫೂಟು ಅಳೆದು ಹಲಗೆಗೆ ರಿಂಗು ಕೂಡಿಸಿದ. ಅಳತೆ ಬರೋಬರಿ ಇತ್ತು. ಹದಿನೈದು ದಿನದ ಮೇಲೆ ಉದ್ಘಾಟನೆ. ಅಷ್ಟರಲ್ಲಿ ಅಡ್ಡಮಳೆ ಬಂತು. ಬರುವ ದೊಡ್ಡವರ ಬೂಟು ಎರೆಯಲ್ಲಿ ಹೂತುಹೋದರೆ ಹೇಗೆ ಅಂತ ಬಂಡಿಗಟ್ಟಲೆ ಕೆಂಪು ಮೊರಂ ಮಣ್ಣು ತರಿಸಿ ಎರಡು ಪದರು ಹಾಸಿ, ನೀರು ಹೊಡೆದು, ರೋಲರು ಎಳೆದರು. ನೆಲ ಹಪ್ಪಳದಂತೆ ಸಪಾಟಾಯಿತು. ಗೇಣು ಮೇಲೆಯೂ ಬಂತು. ಮತ್ತೆ ಅಳೆಯಬೇಕು ಅನ್ನುವುದು ಯಾರಿಗೂ ಹೊಳೆಯಲಿಲ್ಲ, ಅಳೆದು ಆಗಿತ್ತಲ್ಲ!

ಎಂಥ ವರ್ಷಗಳು ಅವು! ಬೆಳಗಿನ ಆರು ಗಂಟೆಗೆ ಧರ್ಮಣ್ಣ ಡಬ್ಬಿಯಲ್ಲಿ ಸುಣ್ಣದ ಪುಡಿ ಹಿಡಿದು, ಹಗ್ಗ ಬಿಗಿದು, ಹಿಂದೆ ಹಿಂದೆ ನಡೆಯುತ್ತ ಗೆರೆ ಹಾಕುತ್ತಿದ್ದ. ಹುಡುಗರು ಬರುವುದರೊಳಗೆ ಕೆಂಪು ನೆಲದ ಮೇಲೆ ಬಿಳಿ ರಂಗೋಲಿ ಎದ್ದಿರುತ್ತಿತ್ತು. ಚೆಂಡಿನ ಹೊಲಿಗೆ ಬಿಚ್ಚಿದರೆ ಮೋಚಿಯ ಹತ್ತಿರ ಒಯ್ಯದೆ ತಾನೇ ಹೊಲಿಯುತ್ತಿದ್ದ. ಆಟ ಮುಗಿದ ಮೇಲೆ ರೇವಮ್ಮ ಕಳಿಸಿದ ಚುನಮುರಿ, ಹಸಿಮೆಣಸಿನಕಾಯಿ. ಎಪ್ಪತ್ತೆಂಟರಲ್ಲಿ ತಮ್ಮ ಮೈದಾನದಲ್ಲೇ ನಡೆದ ಪಂದ್ಯಾವಳಿಯಲ್ಲಿ ಅಫಜಲಪುರ ಕಪ್ಪು ಗೆದ್ದಿತು. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮೇಲೆ ದೇವಿಂದ್ರಪ್ಪ ಕೂತಿದ್ದ. ಇಪ್ಪತ್ತು ಫ್ರೀ ಥ್ರೋ ಕೊಟ್ಟರೆ ಹತ್ತೊಂಬತ್ತು ಹಾಕುವ ಹುಡುಗ.

ಮರುವರ್ಷ ಗುಲಬರ್ಗಾ. ಒಂದು ಪಾಯಿಂಟು ಹಿಂದೆ, ವೇಳೆ ಮುಗಿದಿದೆ, ದೇವಿಂದ್ರಪ್ಪನಿಗೆ ಎರಡು ಫ್ರೀ ಥ್ರೋ. ಯೂನಿವರ್ಸಿಟಿ ಟೀಮಿಗೆ ಹುಡುಗರನ್ನು ಆರಿಸುವವರು ಎದುರಿಗೇ ಕೂತಿದ್ದರು. ಮೊದಲನೆಯದು ರಿಂಗಿನ ಮುಂಗಡೆಗೆ ಬಡಿದು ತಿರುಗಿ ಬಂತು. ಎರಡನೆಯದೂ ಅಲ್ಲೇ, ಅದೇ ಜಾಗಕ್ಕೇ ಬಡಿಯಿತು.

"ಕೈ ನಡುಗ್ತ್ರಿ ಮಾಸ್ತರ," ಎಂದ ಅವನು ತಿರುಗಿ ಬರುವ ಬಸ್ಸಿನಲ್ಲಿ. ಊರಿನ ಕಟ್ಟೆಗಳಲ್ಲಿ ಅದೇ ಅವನ ಹೆಸರಾಯಿತು: ನಡುಗೂ ದೇವಿಂದ್ರ.

ಆದರೆ ಧರ್ಮಣ್ಣನಿಗೆ ಒಂದು ಚುಚ್ಚುತ್ತಿತ್ತು. ನಡುಗುವ ಕೈ ಎರಡು ಸಲವೂ ಒಂದೇ ಜಾಗಕ್ಕೆ ಹೊಡೆಯುತ್ತದೆಯೇ? ಮರುದಿನ ನಸುಕಿನಲ್ಲೇ ಟೇಪು ಹಿಡಿದು ಹೋಗಿ ತಮ್ಮ ರಿಂಗು ಅಳೆದ. ಒಂಬತ್ತೂಕಾಲು ಫೂಟು. ಓಡಿ ಹೋಗಿ ದೌಲತರಾಯರ ಮನೆಯ ಬಾಗಿಲು ಬಡಿದ.

"ಧರ್ಮಣ್ಣ," ಎಂದರು ಅವರು ಚಹಾದ ಬಸಿ ಕೆಳಗಿಟ್ಟು, "ಹೋದ ವರ್ಷ ಇದೇ ರಿಂಗಿನ್ಯಾಗ ಕಪ್ ಗೆದ್ದೇವಿ. ಈಗ ಅಳತಿ ತಪ್ಪ ಅಂದ್ರ ಕಪ್ಪೂ ಹೋಗ್ತದ, ಮರ್ಯಾದಿನೂ ಹೋಗ್ತದ. ಅಳದವ ಯಾರು? ನೀನು. ಜೂನ್ ಬಂದ್ರ ನಿನ್ನ ನೌಕರಿ ಮುಂದುವರಸೂ ಕಾಗದಕ್ಕ ಸಹಿ ಬೀಳಬೇಕು. ನಾ ಈ ಕಾಲೇಜಿನ್ಯಾಗ ಇರೂತನಕ ಯಾರಿಗೂ ಹೇಳಂಗಿಲ್ಲ, ರಿಂಗಿಗೆ ಕೈ ಹಚ್ಚಂಗಿಲ್ಲ. ಆಣಿ ಮಾಡು."

ಆಗ ಶಾರದಾಗೆ ಮೂರು ವರ್ಷ. ಧರ್ಮಣ್ಣ ಆಣೆ ಮಾಡಿದ.

*

ಜಹೀರುದ್ದೀನ ನಿಚ್ಚಣಿಕೆ ಹಚ್ಚಿದ. ಎರಡು ಕಂಬಗಳಲ್ಲಿ ಒಂದೇ ಉಳಿದಿತ್ತು. ಅದರ ಸುತ್ತ ಹುಡುಗರು ಸೈಕಲ್ಲು ನಿಲ್ಲಿಸಿದ್ದರು. ದೇವಿಂದ್ರಪ್ಪನೇ ಏರಿ ಟೇಪಿನ ಮೇಲ್ತುದಿ ರಿಂಗಿಗೆ ಹಿಡಿದ.

"ಒಂಬತ್ತು ಫೂಟು ಮೂರು ಇಂಚು," ಎಂದ ಜಹೀರುದ್ದೀನ ಕೆಳಗಿನಿಂದ. ತಾನೂ ಇದೇ ರಿಂಗಿನಲ್ಲಿ ಆಡಿದವನು. ಕಬ್ಬಿಣದ ತುಂಡಿನಿಂದ ಕಂಬದ ಬುಡ ಕೆದರಿದ. ಕೆಂಪು ಮೊರಂ ಗೇಣುದ್ದ ಇಳಿದ ಮೇಲೆ ಕರಿ ಮಣ್ಣು ಕಂಡಿತು.

ದೇವಿಂದ್ರಪ್ಪ ಇಳಿದು ಬಂದು ಆ ಸಣ್ಣ ಗುಣಿಯ ಎದುರು ಕೂತ. ಕರಿ ಮಣ್ಣನ್ನು ಬೆರಳಿಂದ ಮುಟ್ಟಿದ.

"ನನ್ನ ಬಸ್ಸಿನ್ಯಾಗ ಬರ್ತಿದ್ರು," ಎಂದ. "ವರ್ಷಕ್ಕ ನಾಕೈದು ಸಲ. ನನ್ನ ಬೆನ್ನ ಹಿಂದಿನ ಸೀಟಿನ್ಯಾಗೇ ಕೂಡ್ತಿದ್ರು. 'ಭಾಗ್ಯವಂತಿ ಗುಡಿಗೆ ಹೊಂಟೀರೇನ್ರಿ ಮಾಸ್ತರ?' ಅಂದ್ರ 'ಹೂಂ' ಅಂತಿದ್ರು. ಘತ್ತರಗಿ ಬರೂತನಕ ಮಳಿ ಬೆಳಿ ಮಾತಾಡಿ ಇಳದು ಹೋಗ್ತಿದ್ರು. ನನ್ನ ಮ್ಯಾಲ ಎಷ್ಟು ಪ್ರೀತಿ ಅಂತ ತಿಳಕೊಂಡಿದ್ದೆ." ಅವನ ದನಿ ಏರಿತು. "ಹೇಳಾಕ ಬರ್ತಿದ್ರು! ಹೇಳಲಾರದ ಇಳದು ಹೋಗ್ತಿದ್ರು! ಹದಿನೇಳು ವರ್ಷ, ಲೇ ಜಹೀರ! ಹದಿನೇಳು ವರ್ಷ ಈ ಕೈನ ನಾ ಬೈದೀನಿ."

"ದೇವಿಂದ್ರ..."

"ನಾ ಮಣ್ಣಿಗೆ ಬರಂಗಿಲ್ಲ. ಯವ್ವಗ ಹೇಳು. ಎರಡರ ಬಸ್ಸಿಗೆ ನನ್ನ ಡ್ಯೂಟಿ ಅದ."

ಗೇಟಿನ ತನಕ ಹೋದ. ಅಲ್ಲಿ ಕಸ್ತೂರಿಬಾಯಿ ನಿಂತಿದ್ದಳು, ರೇವಮ್ಮ ಕಳಿಸಿದ್ದಳು.

"ಅಣ್ಣಾ, ಹೋಗಾಂವ ಹೋಗು. ನಾ ತಡ್ಯಾಕ ಬಂದಿಲ್ಲ. ಖರೆ ನಾ ಒಂದು ಹೇಳ್ತೇನಿ, ಕೇಳಿ ಹೋಗು."

*

ಎಂಬತ್ತಾರರಲ್ಲಿ ಕಾಲೇಜಿಗೆ ಹುಡುಗಿಯರ ಟೀಮು ಬೇಕಾಯಿತು. ಗಂಡಸರೆದುರು ಜಿಗಿದಾಡುವ ಆಟಕ್ಕೆ ಮಗಳನ್ನು ಯಾವ ತಾಯಿ ಕಳಿಸುತ್ತಾಳೆ? ಮಾಸ್ತರು ದಿನಾ ಸಂಜೆ ರೇವಮ್ಮನನ್ನು ಕರೆದುಕೊಂಡು ಬಂದು ಗೆರೆಯ ಪಕ್ಕ ಚಾಪೆ ಹಾಸಿ ಕೂಡಿಸಿದರು. ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಳು. ಅದನ್ನು ನೋಡಿ ಒಬ್ಬೊಬ್ಬರೇ ತಾಯಂದಿರು ಮಕ್ಕಳನ್ನು ಬಿಟ್ಟರು. ಆಮೇಲೆ ತಾವೂ ಮೊರ ತಂದು ಕೂತರು. ಒಂದು ಕಡೆ ಹುಡುಗಿಯರು ಜಡೆ ಎತ್ತಿ ಕಟ್ಟಿ ಓಡುವರು, ಇನ್ನೊಂದು ಕಡೆ ಬೇಳೆ ಕೇರುವ ಸದ್ದು. ಕಸ್ತೂರಿಬಾಯಿಗೆ ಈಗಲೂ ಬೇಳೆ ಕೇರುವ ಸದ್ದು ಕೇಳಿದರೆ ಅಂಗಾಲು ಚುರುಗುಟ್ಟುತ್ತದೆ.

"ರಿಂಗು ನೋಡಬ್ಯಾಡ್ರಿ," ಎಂದು ಮಾಸ್ತರು ಮೊದಲ ದಿನವೇ ಹೇಳಿದರು. "ಅದರ ಮ್ಯಾಲ ಗೇಣು ಬಿಟ್ಟು ಇನ್ನೊಂದು ರಿಂಗದ. ಅದರಾಗ ಹಾಕ್ರಿ."

"ಕಾಣಂಗಿಲ್ಲಲ್ರಿ ಮಾಸ್ತರ?"

"ದಿನಾ ನೋಡ್ರಿ. ಕಾಣ್ತದ."

ಹುಡುಗಿಯರು ಬಾಯಿಗೆ ಓಢಣಿ ಒತ್ತಿಕೊಂಡು ನಕ್ಕರು. ಆದರೆ ದಿನಾ ನೋಡಿದರು. ಮೈದಾನದಲ್ಲಿ ಅವರ ಚೆಂಡುಗಳು ಹಲಗೆಗೆ ಬಡಿದು, ಬೇಲಿ ಹಾರಿ, ಒಮ್ಮೆ ಮಜ್ಜಿಗೆ ಮಾರುವ ಗುರಮ್ಮನ ಗಡಿಗೆಗೂ ಬಿದ್ದವು. ತಮ್ಮ ಊರಲ್ಲಿ ಆಡಿದ ಮ್ಯಾಚೆಲ್ಲ ಸೋತರು. ಗೋಡೆಯ ಮೇಲಿನ ಹುಡುಗರು ಸೀಟಿ ಹೊಡೆದು ಅಣಕಿಸಿದರು. ಆಳಂದಕ್ಕೆ ಹೋದರು, ಗೆದ್ದರು. ಜೇವರ್ಗಿಗೆ ಹೋದರು, ಅಲ್ಲೂ ಗೆದ್ದರು. ಅಲ್ಲಿ ಚೆಂಡು ರಿಂಗಿಗೆ ತಾಗದೆ ಬಾವಿಗೆ ಬಿಟ್ಟ ಕೊಡದಂತೆ ಸುಮ್ಮನೆ ಇಳಿಯುತ್ತಿತ್ತು. ದೌಲತರಾಯರು ಊರಿನ ಸೋಲಿಗೆಲ್ಲ ಮಾಸ್ತರನ್ನು ಎಲ್ಲರೆದುರು ಬೈದರು. ಮಾಸ್ತರು ತಲೆ ತಗ್ಗಿಸಿ ಬೈಸಿಕೊಂಡರು. ಮರುದಿನ ಮತ್ತೆ ಅದೇ ಪಾಠ, ಗೇಣು ಮೇಲೆ.

*

"ನಾ ಒಂದು ದಿನ ಕೇಳೇಬಿಟ್ಟೆ," ಎಂದಳು ಕಸ್ತೂರಿಬಾಯಿ. "'ಯಾಕ್ರಿ ಮಾಸ್ತರ ಹಿಂಗ? ಊರಾಗ ನಮ್ಮ ಮರ್ಯಾದಿ ಹೋಗಾಕತ್ತದ.' ಅವರು ಏನಂದ್ರು ಗೊತ್ತದೇನು? 'ಒಬ್ಬ ಹುಡುಗನ ಕೈ ನಾ ಕೆಡಿಸೀನಿ. ನಿಮ್ಮದು ಕೆಡಿಸಂಗಿಲ್ಲ.' ಯಾರು ಅಂದ್ರ ಹೇಳಲಿಲ್ಲ. ಯಾರೋ ಕೈ ಮುರಕೊಂಡಿರಬೇಕು ಅಂತ ತಿಳಕೊಂಡಿದ್ದೆ. ಇವತ್ತು ಗೊತ್ತಾತು."

ದೇವಿಂದ್ರಪ್ಪ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದ. "ನನಗ ಹೇಳಬೇಕಿತ್ತು."

"ಹೂಂ ಅಣ್ಣಾ. ಹೇಳಬೇಕಿತ್ತು."

ಅವಳು ವಾದಿಸಬಹುದು ಅಂದುಕೊಂಡಿದ್ದ. ವಾದಿಸದ್ದಕ್ಕೆ ಅವನು ತಿರುಗಿ ಅವಳ ಕಡೆ ನೋಡಿದ.

ಅಷ್ಟರಲ್ಲಿ ಭಜನೆಯ ತಾಳ ಕೇಳಿತು. ಶಾರದಾಬಾಯಿ ಬಂದಾಗಿತ್ತು, ಎತ್ತಿಯೂ ಆಗಿತ್ತು. ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಬಾಳೆಗಿಡ ಕಟ್ಟಿದ ಮಂಟಪ, ಅದರಲ್ಲಿ ಮಾಸ್ತರು. ಒಂದು ಪಕ್ಕ ಮಗಳು, ಇನ್ನೊಂದು ಪಕ್ಕ ರೇವಮ್ಮ. ಕಾಲೇಜಿನ ಗೇಟಿಗೆ ಬಂದಾಗ ರೇವಮ್ಮ ಟ್ರಾಲಿಯ ಕಟಕಟೆಗೆ ಬಡಿದಳು.

"ನಿಲ್ಲಸ್ರಿ. ಒಳಗ ಹೊಡೀರಿ."

"ಹೊತ್ತು ನೋಡವ್ವ," ಎಂದ ಶಾಂತಲಿಂಗಪ್ಪ.

"ನೋಡೀನಿ ಭಾವ. ಒಳಗ ಹೊಡೀರಿ."

ಟ್ರ್ಯಾಕ್ಟರು ಮೊರಂ ಅರೆಯುತ್ತ ಒಳಗೆ ಬಂದು ಕಂಬಕ್ಕೆ ಹತ್ತು ಹೆಜ್ಜೆ ದೂರದಲ್ಲಿ ನಿಂತಿತು. ಹಿಂದೆ ನಡೆದು ಬರುತ್ತಿದ್ದ ಮಂದಿಯೂ ಒಳಗೆ ಬಂದರು. ರೇವಮ್ಮ ದೇವಿಂದ್ರಪ್ಪನ ಕಡೆ ನೋಡಿದಳು, ಕರೆಯಲಿಲ್ಲ. ಗಂಡನ ರುಮಾಲು ಸರಿ ಮಾಡಿದಳು.

ಮಂದಿಯ ನಡುವಿನಿಂದ ದೌಲತರಾಯರು ಕೋಲೂರುತ್ತ ಗೇಟಿನ ತನಕ ಬಂದರು.

"ದೇವಿಂದ್ರ. ಅವ ಹೇಳಾಕ ನಿಂತಿದ್ದ. ಮರದಿನಾನೇ ನಿಂತಿದ್ದ. ನೌಕರಿ ಹೋಗ್ತದ ಅಂತ ಅಂಜಿಸಿ ಆಣಿ ಮಾಡಿಸಿದವ ನಾನು. ಕಪ್ಪಿನ ಆಸೆ ನಂದು."

"ಅಂಗಳದಾಗ ಇಷ್ಟೇ ಮಂದಿ ಇದ್ರಲ್ರಿ ಸಾಹೇಬ್ರ. ಆವಾಗ ಕೇಳಿದ್ದೆ."

"ಕೇಳಿದ್ದಿ. ಬಾಯಿ ಬರಲಿಲ್ಲ." ಮುದುಕರು ತಿರುಗಿ ಮಂದಿಯ ಕಡೆ ಮುಖ ಮಾಡಿದರು. ಮೈದಾನದಲ್ಲಿ ಕೂಗಿ ರೂಢಿಯಾದ ದನಿ, ಒಡೆದಿದ್ದರೂ ಎಲ್ಲರಿಗೂ ಮುಟ್ಟಿತು. "ಕೇಳ್ರೆಪ್ಪ! ಈ ರಿಂಗು ಗಿಡ್ಡದ. ಎಪ್ಪತ್ತೆಂಟರ ಕಪ್ಪು ಗಿಡ್ಡ ರಿಂಗಿನ ಕಪ್ಪು. ಗುಲಬರ್ಗಾದಾಗ ಈ ಹುಡುಗನ ಕೈ ನಡುಗಿದ್ದಿಲ್ಲ. ನನಗ ಗೊತ್ತಿತ್ತು. ಸುಮ್ಮನಿದ್ದೆ."

ಭಜನೆಯವರು ತಾಳ ನಿಲ್ಲಿಸಿದ್ದರು. ನಲವತ್ತರ ಹತ್ತಿರದ 'ಹುಡುಗ' ಖಾಕಿ ಅಂಗಿಯ ತೋಳಿಗೆ ಮೂಗು ಒರೆಸಿಕೊಂಡ. ದೌಲತರಾಯರನ್ನು ನೋಡಲಿಲ್ಲ. ಟ್ರಾಲಿಯ ಮೇಲೆ ಕೂತವರನ್ನು ನೋಡಿದ. ಅವರು ಕಣ್ಣು ಮುಚ್ಚಿಕೊಂಡು ಕಂಬಕ್ಕೆದುರಾಗಿ ಕೂತಿದ್ದರು.

"ಪಾನಾ ಎಲ್ಲ್ಯದಲೇ ಜಹೀರ?" ಎಂದ.

"ಚೀಲದಾಗ ಅದ. ಖರೆ ಬೋಲ್ಟು ತಿರುಗೂದಿಲ್ಲ, ಜಂಗು ತಿಂದಾವ. ಕೊಯ್ಯಬೇಕು."

"ಕೊಯ್ಯಿ ಮತ್ತ. ಬಾಯಿ ಬಿಟಗೊಂಡು ನಿಂತಿ!"

ಸೈಕಲ್ಲುಗಳನ್ನು ಮಂದಿಯೇ ಎತ್ತಿ ಬದಿಗಿಟ್ಟರು. ಇನ್ನೊಂದು ನಿಚ್ಚಣಿಕೆ ಕಾಲೇಜಿನ ಜವಾನನ ಮನೆಯಿಂದ ಬಂತು. ಜಹೀರುದ್ದೀನ ಗರಗಸದಿಂದ ನಾಲ್ಕು ಬೋಲ್ಟು ಕೊಯ್ಯುವುದರೊಳಗೆ ಅರ್ಧ ತಾಸಾಯಿತು. ಶಾಂತಲಿಂಗಪ್ಪ ಎರಡು ಸಲ ಸೂರ್ಯನನ್ನು ನೋಡಿದ. ಆಮೇಲೆ ಅವನೇ ರುಮಾಲು ಸೊಂಟಕ್ಕೆ ಬಿಗಿದು ನಿಚ್ಚಣಿಕೆಯ ಕಾಲು ಹಿಡಿದು ನಿಂತ. ಇನ್ನೊಂದನ್ನು ಕಸ್ತೂರಿಬಾಯಿ ಹಿಡಿದಳು. ಜಹೀರುದ್ದೀನ ಸಾಗವಾನಿ ಹಲಗೆಯಲ್ಲಿ ಗೇಣು ಮೇಲೆ ಹೊಸ ತೂತು ಕೊರೆದ.

ರಿಂಗು ಕೆಳಗಿಂದ ಕಂಡಷ್ಟು ಹಗುರ ಇರಲಿಲ್ಲ. ದೇವಿಂದ್ರಪ್ಪ ನಿಚ್ಚಣಿಕೆಯ ಮೇಲೆ ನಿಂತು ಎರಡೂ ಕೈಯಿಂದ ಅದನ್ನು ತಲೆಯ ಮೇಲೆತ್ತಿ ಹಲಗೆಗೆ ಒತ್ತಿ ಹಿಡಿದ. ಜಹೀರುದ್ದೀನ ಹೊಸ ಬೋಲ್ಟು ತೂರಿಸುತ್ತ ಬೆವರಿದ.

"ಅಲುಗಬ್ಯಾಡಲೇ."

"ಅಲುಗಾಕತ್ತಿಲ್ಲ."

"ಕೈ ಸೋತ್ರ ಹೇಳಣ್ಣ," ಎಂದಳು ಕಸ್ತೂರಿಬಾಯಿ.

"ಸೋತಿಲ್ಲ."

ಒಂದು ಬೋಲ್ಟು ಕೂತಿತು. ಎರಡು ಕೂತವು. ಊರ ಮಂದಿಯೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಎರಡು ತೋಳೂ ನೆಟ್ಟಗೆ ಮೇಲಿದ್ದವು. ಬೆವರು ಮೊಣಕೈ ತನಕ ಇಳಿದು ಅಲ್ಲಿಂದ ಹನಿಯುತ್ತಿತ್ತು, ತೋಳು ಮಾತ್ರ ಮಿಸುಕಲಿಲ್ಲ. ಅವನ ಕಿವಿಯ ಹತ್ತಿರ ಜಹೀರುದ್ದೀನ ಮೆಲ್ಲಗೆ, "ಕಂಬಕ್ಕಿಂತ ಗಟ್ಟಿ ಅದಲೇ ಮಗನ," ಎಂದ.

"ಸುಮ್ಮ ತಿರುವು."

ನಾಲ್ಕನೆಯ ಬೋಲ್ಟು ಬಿಗಿಯಿತು.

"ಈಗ ಅಳೀಬೇಕು," ಎಂದು ದೇವಿಂದ್ರಪ್ಪ ಟೇಪಿನ ಮೇಲ್ತುದಿಯನ್ನು ಕೈಗೆ ತೆಗೆದುಕೊಂಡ. "ಕೆಳಗ ಯಾರರ ಹಿಡೀರಿ."

ಕಸ್ತೂರಿಬಾಯಿಯ ಕೈ, ಶಾಂತಲಿಂಗಪ್ಪನ ಕೈ ನಿಚ್ಚಣಿಕೆಗಳಿಗಿದ್ದವು. ಟೇಪು ಗಾಳಿಗೆ ಅತ್ತಿತ್ತ ತೂಗಾಡಿತು. ದೌಲತರಾಯರು ಕೋಲನ್ನು ಪಕ್ಕಕ್ಕೆ ಬಿಟ್ಟರು. ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು ಮೊಣಕಾಲು ಊರಿದರು. ಬಿಳಿ ಧೋತರ ಕೆಂಪು ಮೊರಮಿನ ಮೇಲೆ ಹರಡಿತು. ತೂಗಾಡುತ್ತಿದ್ದ ತುದಿಯನ್ನು ಹಿಡಿದು ನೆಲಕ್ಕೆ ಒತ್ತಿದರು.

"ಹಿಡದೇನಪ್ಪ. ನೋಡು."

ದೇವಿಂದ್ರಪ್ಪ ರಿಂಗಿಗೆ ಕಣ್ಣು ಹಚ್ಚಿ ನೋಡಿದ.

"ಹತ್ತು," ಎಂದ. ಮತ್ತೊಮ್ಮೆ ನೋಡಿದ. "ಬರೋಬರಿ ಹತ್ತು ಫೂಟ್ರಿ ಯವ್ವಾ."

"ನಡೀರಿ ಭಾವ," ಎಂದಳು ರೇವಮ್ಮ.

ತಾಳ ಮತ್ತೆ ಶುರುವಾಯಿತು. ಮಂದಿ ಟ್ರ್ಯಾಕ್ಟರಿಗೆ ದಾರಿ ಬಿಟ್ಟರು. ದೇವಿಂದ್ರಪ್ಪ ನಿಚ್ಚಣಿಕೆಯಿಂದ ಇಳಿದು ಟ್ರಾಲಿಗೆ ಹೆಗಲು ಕೊಟ್ಟು ನೂಕಿದ. ಕಂಬದ ಬುಡದಲ್ಲಿ ದೌಲತರಾಯರ ಹೆಬ್ಬೆರಳು ಇನ್ನೂ ಟೇಪನ್ನು ಮಣ್ಣಿಗೆ ಒತ್ತಿಕೊಂಡೇ ಇತ್ತು.